ಒಳ್ಳೆಯ ಕೊಲೆಸ್ಟರಾಲು ಹೊತ್ತ ಸರಕು

ಲಿಪಿಡ್ ಪ್ರೊಫೈಲ್ ವರದಿಯಲ್ಲಿ ಅಂಕಿ ಏರಿದಷ್ಟೂ ನೆಮ್ಮದಿ ಕೊಡುವ ಸಾಲು ಒಂದೇ ಒಂದು. ಅದು ಎಚ್‌ಡಿಎಲ್, ಎಲ್ಲರ ಬಾಯಲ್ಲಿರುವ ‘ಒಳ್ಳೆಯ ಕೊಲೆಸ್ಟರಾಲು’. ಗಂಡಸರಲ್ಲಿ ಡೆಸಿಲೀಟರಿಗೆ 40 ಮಿಲಿಗ್ರಾಂ, ಹೆಂಗಸರಲ್ಲಿ 50 ಮಿಲಿಗ್ರಾಂಗಿಂತ ಕೆಳಗಿದ್ದರೆ ವೈದ್ಯರು ಹುಬ್ಬೇರಿಸುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯ ಮೊದಲ ಹಂತದಲ್ಲಿ ರಕ್ತದ ಕೊಬ್ಬನ್ನು ಅಳೆಸಿಕೊಂಡವರ ಪೈಕಿ ಶೇ 72ರಷ್ಟು ಮಂದಿಯ ಎಚ್‌ಡಿಎಲ್ ಕಡಿಮೆಯಿತ್ತು ಎಂದು 2014ರಲ್ಲಿ ವರದಿಯಾಯಿತು. ಹಾಗಾಗಿ ನಮ್ಮಲ್ಲಿ ಈ ಸಾಲನ್ನು ಕಾಳಜಿಯಿಂದ ಓದುವವರು ಬಹಳ. ಓದುವುದಕ್ಕೆ ಕಾರಣವೂ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಅಧ್ಯಯನ 1977ರಲ್ಲಿ ಎಚ್‌ಡಿಎಲ್ ಹೆಚ್ಚಿದ್ದವರಿಗೆ ಹೃದಯಾಘಾತ ಕಡಿಮೆ ಎಂದು ತೋರಿಸಿದ ಮೇಲೆ ಆ ನಂಬಿಕೆ ಬೇರುಬಿಟ್ಟಿತು. ಆದರೆ ಮೂತ್ರಪಿಂಡ ಸೋತವರ ಮಟ್ಟಿಗೆ ಈ ಲೆಕ್ಕ ಕೈಕೊಡುತ್ತದೆ. ಹೃದಯದ ರಕ್ತನಾಳಗಳ ಚಿತ್ರ ತೆಗೆಸಿಕೊಂಡ ಮೂರು ಸಾವಿರಕ್ಕೂ ಹೆಚ್ಚು ಜರ್ಮನ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಲೂರಿಕ್ ಅಧ್ಯಯನದ ಮಾಹಿತಿಯನ್ನು 2014ರಲ್ಲಿ ವಿಶ್ಲೇಷಿಸಿದಾಗ, ಮೂತ್ರಪಿಂಡ ಸರಿಯಿದ್ದವರಲ್ಲಿ ಎಚ್‌ಡಿಎಲ್ ಹೆಚ್ಚಿದ್ದರೆ ಸಾವಿನ ಅಪಾಯ ಕಡಿಮೆಯಿತ್ತು. ಮೂತ್ರಪಿಂಡದ ಕೆಲಸ ಕುಗ್ಗಿದವರಲ್ಲಿ ಆ ರಕ್ಷಣೆ ಕಾಣಲಿಲ್ಲ. ಅಂಕಿ ಅದೇ, ಫಲ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಈ ಅಧ್ಯಾಯದ ಪ್ರಶ್ನೆ. ಎಚ್‌ಡಿಎಲ್‌ನ ಒಳ್ಳೆಯತನ ಅದರ ಪ್ರಮಾಣದಲ್ಲಿಲ್ಲ, ಅದು ಹೊತ್ತಿರುವ ಸರಕಿನಲ್ಲಿದೆ. ಮೂತ್ರಪಿಂಡ ಕಾಯಿಲೆ ಆ ಸರಕನ್ನೇ ಬದಲಿಸುತ್ತದೆ. ಹಾಗೆ ಬದಲಾಗುವ ಸರಕಿನಲ್ಲಿ ಮೈಕ್ರೋಆರ್‌ಎನ್‌ಎ ಎಂಬ ಚಿಕ್ಕ ಅಣುಗಳೂ ಸೇರಿವೆ ಎಂಬುದು ನನ್ನ ವಾದ. ಇದರಲ್ಲಿ ಮೊದಲೆರಡು ಮಾತುಗಳಿಗೆ ಆಧಾರ ಗಟ್ಟಿಯಾಗಿದೆ. ಮೂರನೆಯದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ತೂಗಿ ನೋಡಬೇಕು.

ಎಚ್‌ಡಿಎಲ್ ಎಂಬುದು ಕೊಲೆಸ್ಟರಾಲಿನ ಒಂದು ಜಾತಿಯಲ್ಲ. ಅದು ಪ್ರೋಟೀನು ಮತ್ತು ಕೊಬ್ಬು ಸೇರಿ ಆದ ಕಣ. ಅಡ್ಡಳತೆ 7ರಿಂದ 12 ನ್ಯಾನೋಮೀಟರ್. ಅದರ ಮುಖ್ಯ ಪ್ರೋಟೀನಾದ ಅಪೋ ಎ-1 ಯಕೃತ್ತಿನಲ್ಲೂ ಕರುಳಿನಲ್ಲೂ ತಯಾರಾಗುತ್ತದೆ. ರಕ್ತನಾಳದ ಗೋಡೆಯಲ್ಲಿ ಶೇಖರವಾದ ಕೊಲೆಸ್ಟರಾಲನ್ನು ಹೊತ್ತು ಯಕೃತ್ತಿಗೆ ಮರಳಿಸುವುದು ಎಚ್‌ಡಿಎಲ್‌ನ ಹೆಸರುವಾಸಿ ಕೆಲಸ. ಇದಲ್ಲದೆ ಉರಿಯೂತ ತಗ್ಗಿಸುವುದು, ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ತಯಾರಿಸಲು ನೆರವಾಗುವುದು ಮುಂತಾದ ಕೆಲಸಗಳೂ ಅದಕ್ಕಿವೆ. ಪ್ರಯೋಗಾಲಯ ಅಳೆಯುವುದು ಈ ಯಾವ ಕೆಲಸವನ್ನೂ ಅಲ್ಲ, ಕಣಗಳಲ್ಲಿ ಎಷ್ಟು ಕೊಲೆಸ್ಟರಾಲು ಇದೆ ಎಂಬುದನ್ನು ಮಾತ್ರ. ಎಪಿಎಂಸಿ ಗೇಟಿನಲ್ಲಿ ಲಾರಿಗಳನ್ನು ಎಣಿಸಿಕೊಂಡರೆ ಒಳಗೆ ಬಂದದ್ದು ಅಕ್ಕಿಯೋ ಮರಳೋ ತಿಳಿಯದು. ಈ ಅಂಕಿಯ ಕಥೆಯೂ ಅಷ್ಟೇ. ಔಷಧ ಕಂಪನಿಗಳು ಈ ಪಾಠ ಕಲಿತದ್ದು ದುಬಾರಿ ಬೆಲೆ ತೆತ್ತು. ಟಾರ್ಸೆಟ್ರಪಿಬ್ ಎಂಬ ಮಾತ್ರೆ ಎಚ್‌ಡಿಎಲ್ ಅನ್ನು ಶೇ 72ರಷ್ಟು ಏರಿಸಿತು, ಆದರೆ ಅದನ್ನು ತೆಗೆದುಕೊಂಡವರಲ್ಲಿ ಸಾವು ಹೆಚ್ಚಿದ್ದರಿಂದ 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಗದ ಡಾಲ್ಸೆಟ್ರಪಿಬ್ 2012ರಲ್ಲಿ ಯಾವ ಪ್ರಯೋಜನವನ್ನೂ ತೋರಿಸದೆ ಮೂಲೆ ಸೇರಿತು. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿಸುವ ಒಂದು ವಂಶವಾಹಿ ರೂಪಾಂತರ ಹೊತ್ತವರಿಗೂ ಹೃದಯಾಘಾತ ಕಡಿಮೆಯಾಗಿಲ್ಲ ಎಂದು 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಪ್ರಮಾಣವೇ ರಕ್ಷಕ ಎಂಬ ಊಹೆ ಅಲ್ಲಿಗೆ ಕುಸಿಯಿತು.

ಈ ಮಾತು ಮೂತ್ರಪಿಂಡ ರೋಗಿಗೆ ಯಾಕೆ ಜೀವನ್ಮರಣದ ಪ್ರಶ್ನೆ ಎಂಬುದನ್ನು ನೋಡಬೇಕು. ಕಿಡ್ನಿ ಕೆಟ್ಟವರು ಡಯಾಲಿಸಿಸ್‌ಗೆ ಹೋಗುತ್ತಾರೆ ಎಂಬುದು ಜನರ ಕಲ್ಪನೆ. ಹಲವರು ಆ ಹಂತ ಮುಟ್ಟುವ ಮೊದಲೇ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ತೀರಿಕೊಳ್ಳುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದ 11 ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಪರಿಶೀಲಿಸಿದ 2004ರ ಅಧ್ಯಯನದಲ್ಲಿ ಮೂತ್ರಪಿಂಡದ ಸೋಸುವ ಶಕ್ತಿ ಇಳಿದ ಹಾಗೆ ಹೃದಯ ಸಂಬಂಧಿ ಅವಘಡಗಳು ಮೆಟ್ಟಿಲು ಮೆಟ್ಟಿಲಾಗಿ ಏರಿದವು. ಸೋಸುವಿಕೆ ನಿಮಿಷಕ್ಕೆ 60 ಮಿಲಿಲೀಟರ್ ಅಥವಾ ಅದಕ್ಕೂ ಹೆಚ್ಚಿದ್ದವರಿಗೆ ಹೋಲಿಸಿದರೆ 15ಕ್ಕಿಂತ ಕೆಳಗಿಳಿದವರಲ್ಲಿ ಅಂಥ ಅವಘಡಗಳ ಅಪಾಯ 3.4 ಪಟ್ಟು ಇತ್ತು. ರಕ್ತದೊತ್ತಡ, ಸಕ್ಕರೆ, ‘ಕೆಟ್ಟ ಕೊಲೆಸ್ಟರಾಲು’ ಎನಿಸಿಕೊಂಡ ಎಲ್‌ಡಿಎಲ್ ಇಷ್ಟರಿಂದಲೇ ಇದನ್ನು ವಿವರಿಸಲಾಗದು. ಕೊಲೆಸ್ಟರಾಲು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇರೆ ರೋಗಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ಡಯಾಲಿಸಿಸ್ ರೋಗಿಗಳ ಮೇಲೆ ನಡೆದ 2005ರ ಮತ್ತು 2009ರ ಎರಡು ದೊಡ್ಡ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂಥ ಲಾಭ ಕೊಡಲಿಲ್ಲ. ಅಪಾಯದ ಉಳಿದ ಪಾಲಿನ ಬಹುಭಾಗವನ್ನು ಸಂಶೋಧಕರು ಹೊರಿಸುವುದು ಉರಿಯೂತದ ಮೇಲೆ. ಕಿಡ್ನಿ ಕೆಟ್ಟ ದೇಹದಲ್ಲಿ ಜ್ವರವಿಲ್ಲ, ಬಾವಿಲ್ಲ, ಆದರೆ ಸಣ್ಣ ಉರಿಯೊಂದು ವರ್ಷಾನುಗಟ್ಟಲೆ ಆರದೆ ಇರುತ್ತದೆ. ರಕ್ತನಾಳದ ಒಳಪದರದ ಜೀವಕೋಶಗಳು ತಮ್ಮ ಮೈಮೇಲೆ ಐಕ್ಯಾಮ್-1 ಮುಂತಾದ ಅಂಟು ಪ್ರೋಟೀನುಗಳನ್ನು ಹೊರಚಾಚುತ್ತವೆ. ಹರಿದುಹೋಗುವ ಬಿಳಿ ರಕ್ತಕಣಗಳು ಅದಕ್ಕೆ ಸಿಕ್ಕಿಕೊಂಡು ಗೋಡೆಯೊಳಗೆ ನುಸುಳುತ್ತವೆ. ಮೂತ್ರಪಿಂಡದ ಒಳಗೂ ನಡೆಯುವುದು ಇದೇ: ಐಕ್ಯಾಮ್-1 ಇಲ್ಲದ ಇಲಿಗಳ ಮೂತ್ರಪಿಂಡಕ್ಕೆ ರಕ್ತ ತಡೆದು ಬಿಟ್ಟಾಗ ಅವುಗಳಿಗೆ ಹಾನಿ ಕಡಿಮೆಯಾಯಿತೆಂದು 1996ರಲ್ಲೇ ಗೊತ್ತಾಗಿತ್ತು. ಆರೋಗ್ಯವಂತನ ಎಚ್‌ಡಿಎಲ್ ಈ ಅಂಟನ್ನು ತಗ್ಗಿಸುತ್ತದೆ. ರೋಗಿಯ ಎಚ್‌ಡಿಎಲ್‌ಗೆ ಅದೇಕೆ ಸಾಧ್ಯವಾಗುವುದಿಲ್ಲ?

ಉತ್ತರದ ಮೊದಲ ಭಾಗ ಪ್ರೋಟೀನುಗಳಿಂದ ಬಂತು. ಆಸ್ಟ್ರಿಯಾದ ಗ್ರಾಜ್ ನಗರದ ತಂಡ 2011ರಲ್ಲಿ ಡಯಾಲಿಸಿಸ್ ರೋಗಿಗಳ ಎಚ್‌ಡಿಎಲ್ ಬಿಡಿಸಿ ನೋಡಿದಾಗ ಅದರಲ್ಲಿ ಸೀರಮ್ ಅಮೈಲಾಯ್ಡ್ ಎ ಎಂಬ ಉರಿಯೂತದ ಪ್ರೋಟೀನು, ಆಲ್ಬುಮಿನ್ ಮೊದಲಾದವು ಸೇರಿಕೊಂಡಿದ್ದವು. ಕೊಲೆಸ್ಟರಾಲು ಹೊರುವ ಶಕ್ತಿಯೂ ಕುಗ್ಗಿತ್ತು. ಮರುವರ್ಷ ವಿಯೆನ್ನಾದ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ರಕ್ತನಾಳದ ನಯ ಸ್ನಾಯುಕೋಶಗಳು ಬಿಳಿ ರಕ್ತಕಣಗಳನ್ನು ಕರೆಯಲು ಹೊರಹಾಕುವ ಒಂದು ರಾಸಾಯನಿಕವನ್ನು ಆರೋಗ್ಯವಂತರ ಎಚ್‌ಡಿಎಲ್ ತಡೆಯುತ್ತಿತ್ತು. ರೋಗಿಗಳದ್ದು ಸರಿಯಾಗಿ ತಡೆಯಲಿಲ್ಲ, ಕೆಲವರದ್ದು ಉರಿಯೂತಕ್ಕೇ ಇಂಬು ಕೊಟ್ಟಿತು. ಇದಕ್ಕೆ ಸೀರಮ್ ಅಮೈಲಾಯ್ಡ್ ಎ ಕಾರಣವೆಂದು ಅವರು ತೋರಿಸಿದರು. 2013ರಲ್ಲಿ ಜೂರಿಕ್‌ನ ತಂಡ ಎಸ್‌ಡಿಎಂಎ ಎಂಬ, ಮೂತ್ರದಲ್ಲಿ ಹೊರಹೋಗಬೇಕಾದ ತ್ಯಾಜ್ಯವು ರೋಗಿಗಳ ಎಚ್‌ಡಿಎಲ್‌ಗೆ ಅಂಟಿಕೊಂಡಿರುವುದನ್ನು ಕಂಡಿತು. ಅಂಥ ಎಚ್‌ಡಿಎಲ್ ಅನ್ನು ಒಳಪದರದ ಕೋಶಗಳು ಶತ್ರುವಿನ ಗುರುತು ಹಿಡಿಯುವ ಟೋಲ್-ಸದೃಶ ಗ್ರಾಹಕ-2ರ ಮೂಲಕ ಗ್ರಹಿಸುತ್ತಿದ್ದವು. ನೈಟ್ರಿಕ್ ಆಕ್ಸೈಡ್ ಕುಸಿಯುತ್ತಿತ್ತು, ಇಲಿಗಳಲ್ಲಿ ರಕ್ತದೊತ್ತಡ ಏರುತ್ತಿತ್ತು. ಹೀಗೆ, ಕಣ ಅದೇ ಇದ್ದರೂ ಸರಕು ಬದಲಾದರೆ ಕಾಯುವವನೇ ಕಾಡುವವನಾಗುತ್ತಾನೆ ಎಂಬುದು ಆ ಮೂರು ವರ್ಷಗಳಲ್ಲಿ ಖಚಿತವಾಯಿತು. ಇದೇ ಹೊತ್ತಿಗೆ ಬೇರೊಂದು ದಿಕ್ಕಿನಿಂದ, ಯಾರೂ ನಿರೀಕ್ಷಿಸದ ಸರಕೊಂದು ಎಚ್‌ಡಿಎಲ್‌ನಲ್ಲಿ ಪತ್ತೆಯಾಯಿತು.

ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರಗಳ ಚಿಕ್ಕ ಆರ್‌ಎನ್‌ಎ ತುಣುಕು. ಅದು ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಪ್ರೋಟೀನಿನ ಆದೇಶ ಹೊತ್ತ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಆ ಆದೇಶ ಜಾರಿಯಾಗದಂತೆ ತಡೆಯುತ್ತದೆ, ಇಲ್ಲವೇ ಆದೇಶವನ್ನೇ ನಾಶ ಮಾಡಿಸುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಗುರುತಿಸಿ 1993ರಲ್ಲಿ ಪ್ರಕಟಿಸಿದರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕೋಶದ ಒಳಗೆ ನಡೆಯುವ ಈ ಕೆಲಸದಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಅನುಮಾನ ಶುರುವಾಗುವುದು ಕೋಶದ ಹೊರಗೆ. ರಕ್ತದಲ್ಲೂ ಮೈಕ್ರೋಆರ್‌ಎನ್‌ಎಗಳು ಹರಿಯುತ್ತಿವೆ ಎಂದು 2008ರಲ್ಲಿ ಗೊತ್ತಾದಾಗ ಎಲ್ಲರಿಗೂ ಆಶ್ಚರ್ಯವಾಯಿತು. ರಕ್ತದಲ್ಲಿ ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವಗಳು ಹೇರಳ. ಬರಿಮೈಯ ಆರ್‌ಎನ್‌ಎ ಅಲ್ಲಿ ಬಾಳುವುದೇ ಇಲ್ಲ. ಅಂದರೆ ಏನೋ ಒಂದು ಅದನ್ನು ಕಾಪಾಡುತ್ತಿರಬೇಕು. ಕೋಶಗಳು ಉದುರಿಸುವ ಕೊಬ್ಬಿನ ಗುಳ್ಳೆಗಳಾದ ಎಕ್ಸೋಸೋಮ್‌ಗಳು ಒಂದು ಆಸರೆ ಎಂದು ಮೊದಲು ತಿಳಿಯಿತು. ಆರ್ಗೊನಾಟ್-2 ಎಂಬ ಪ್ರೋಟೀನು ಇನ್ನೂ ದೊಡ್ಡ ಆಸರೆ ಎಂದು 2011ರಲ್ಲಿ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದ ಸಂಶೋಧಕರು ಹೇಳಿದರು. ಅದೇ ವರ್ಷ ಎಚ್‌ಡಿಎಲ್ ಕೂಡ ಈ ಪಟ್ಟಿಗೆ ಸೇರಿತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೇಸಿ ವಿಕರ್ಸ್ ಮತ್ತು ಅಲನ್ ರೆಮಾಲಿ ಅವರ ತಂಡ ರಕ್ತದಿಂದ ಎಚ್‌ಡಿಎಲ್ ಅನ್ನು ಒಂದೇ ವಿಧಾನದಿಂದ ಬೇರ್ಪಡಿಸಿ ಸುಮ್ಮನಾಗಲಿಲ್ಲ. ಸಾಂದ್ರತೆಯ ಆಧಾರದ ಮೇಲೆ ಬೇರ್ಪಡಿಸಿದರು, ಗಾತ್ರದ ಆಧಾರದ ಮೇಲೆ ಸೋಸಿದರು, ಕೊನೆಗೆ ಅಪೋ ಎ-1ಗೆ ಅಂಟುವ ಪ್ರತಿಕಾಯದಿಂದ ಹಿಡಿದೆಳೆದರು. ಹಾಗೆ ಸಿಕ್ಕ ಕಣಗಳಲ್ಲಿ ಮೈಕ್ರೋಆರ್‌ಎನ್‌ಎಗಳು ಸಿಕ್ಕವು. ಆಮೇಲಿನ ಪ್ರಯೋಗ ಇನ್ನೂ ಸೊಗಸಾದದ್ದು. ಪ್ರಯೋಗಾಲಯದಲ್ಲಿ ಕಟ್ಟಿದ, ಮಾನವ ಅಪೋ ಎ-1 ಹೊಂದಿದ ಎಚ್‌ಡಿಎಲ್ ಅನ್ನು ಇಲಿಗಳಿಗೆ ಚುಚ್ಚಿದರು. ಕೆಲಕಾಲ ಬಿಟ್ಟು, ಮಾನವ ಪ್ರೋಟೀನನ್ನಷ್ಟೇ ಹಿಡಿಯುವ ಪ್ರತಿಕಾಯದಿಂದ ಅದೇ ಕಣಗಳನ್ನು ಇಲಿಯ ರಕ್ತದಿಂದ ವಾಪಸು ತೆಗೆದರು. ಒಳಗೆ ಹೋಗುವಾಗ ಇಲ್ಲದ ಮೈಕ್ರೋಆರ್‌ಎನ್‌ಎಗಳು ಹೊರಗೆ ಬರುವಾಗ ಅವುಗಳಿಗೆ ಅಂಟಿಕೊಂಡಿದ್ದವು. ಎಚ್‌ಡಿಎಲ್ ದೇಹದಲ್ಲಿ ಸುತ್ತುತ್ತ ಈ ಅಣುಗಳನ್ನು ಎತ್ತಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಎಸ್‌ಆರ್-ಬಿ1 ಎಂಬ ಗ್ರಾಹಕದ ಮೂಲಕ ಎಚ್‌ಡಿಎಲ್ ಅವುಗಳನ್ನು ಕೋಶಗಳಿಗೆ ಇಳಿಸಬಲ್ಲದು ಎಂದೂ ತಂಡ ತೋರಿಸಿತು. ಇನ್ನೊಂದು ಗಮನಾರ್ಹ ಸಂಗತಿಯೆಂದರೆ, ಆನುವಂಶಿಕವಾಗಿ ಕೊಲೆಸ್ಟರಾಲು ವಿಪರೀತ ಏರಿದವರ ಎಚ್‌ಡಿಎಲ್ ಹೊತ್ತ ಮೈಕ್ರೋಆರ್‌ಎನ್‌ಎಗಳ ಪಟ್ಟಿಯೇ ಬೇರೆಯಾಗಿತ್ತು. ಕಾಯಿಲೆಯ ಜೊತೆಗೆ ಮೈಕ್ರೋಆರ್‌ಎನ್‌ಎ ಸರಕೂ ಬದಲಾಗುತ್ತದೆ ಎಂಬ ಮಾತಿಗೆ ಇದು ಇಲ್ಲಿ ಸಿಕ್ಕ ಮೊದಲ ಪುರಾವೆ.

ಎಚ್‌ಡಿಎಲ್‌ನಲ್ಲಿ ಹೆಚ್ಚಾಗಿ ಸಿಗುವ ಮೈಕ್ರೋಆರ್‌ಎನ್‌ಎಗಳಲ್ಲಿ ಮಿರ್-223 ಮುಖ್ಯವಾದದ್ದು. ಇದು ಬಿಳಿ ರಕ್ತಕಣಗಳಲ್ಲಿ, ಪ್ಲೇಟ್‌ಲೆಟ್‌ಗಳಲ್ಲಿ ಹೇರಳ. ಉರಿಯೂತಕ್ಕೆ ಕಡಿವಾಣ ಹಾಕುವುದು ಇದರ ಗುಣ: ಇದಿಲ್ಲದ ಇಲಿಗಳ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅತಿಯಾಗಿ ಕೆರಳುತ್ತವೆ ಎಂದು 2008ರಲ್ಲಿ ತಿಳಿದಿತ್ತು, ಉರಿಯೂತದ ಕಿಡಿ ಹೊತ್ತಿಸುವ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನಿನ ತಯಾರಿಕೆಯನ್ನು ಇದು ಅದುಮುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಫಾತಿಹಾ ತಾಬೆತ್, ಕೆರಿ-ಆ್ಯನ್ ರೈ ಮತ್ತು ಸಂಗಡಿಗರು 2014ರಲ್ಲಿ ನಡೆಸಿದ ಪ್ರಯೋಗ ಈ ಇಡೀ ವಾದದ ನಡುಗಂಬ, ಆದ್ದರಿಂದ ಅದನ್ನು ಸಾವಕಾಶವಾಗಿ ನೋಡೋಣ. ಒಳಪದರದ ಕೋಶಗಳನ್ನು ಎಚ್‌ಡಿಎಲ್ ಜೊತೆ ಇಟ್ಟಾಗ ಕೋಶಗಳಲ್ಲಿ ಮಿರ್-223 ಏರಿತು, ಎಚ್‌ಡಿಎಲ್‌ನಲ್ಲಿ ಇಳಿಯಿತು. ಕೋಶಗಳೇ ತಯಾರಿಸಿಕೊಂಡಿರಬಹುದಲ್ಲ? ಇಲ್ಲ, ಆ ಕೋಶಗಳಲ್ಲಿ ಮಿರ್-223ರ ವಂಶವಾಹಿ ಚಾಲೂ ಇರಲೇ ಇಲ್ಲ. ಎಚ್‌ಡಿಎಲ್‌ನ ಬೇರಾವುದೋ ಅಂಶ ಹೀಗೆ ಮಾಡಿಸಿತೇ? ಮಿರ್-223 ಇಲ್ಲದ ಇಲಿಗಳ ಎಚ್‌ಡಿಎಲ್ ಹಾಕಿದಾಗ ಕೋಶದಲ್ಲಿ ಅದು ಏರಲಿಲ್ಲ. ಏರಿದ್ದರಿಂದ ಏನಾದರೂ ಪರಿಣಾಮ ಆಯಿತೇ? ಐಕ್ಯಾಮ್-1 ಇಳಿಯಿತು, ಕೋಶಕ್ಕೆ ಮೊದಲೇ ಮಿರ್-223ರ ತಡೆ ಕೊಟ್ಟಿದ್ದರೆ ಇಳಿಯಲಿಲ್ಲ. ಹೊರಗಿನಿಂದ ಬಂದ ಒಂದು ಮೈಕ್ರೋಆರ್‌ಎನ್‌ಎ, ತನ್ನನ್ನು ತಯಾರಿಸದ ಕೋಶದೊಳಗೆ ಹೊಕ್ಕು, ಆ ಕೋಶದ ಉರಿಯೂತವನ್ನು ತಗ್ಗಿಸಿತು ಎಂಬುದು ಇದರ ಸಾರ. ಎಚ್‌ಡಿಎಲ್‌ನ ಉರಿಶಮನ ಗುಣದ ಒಂದು ಪಾಲಾದರೂ ಈ ಪುಟ್ಟ ಹೊರೆಯಿಂದ ಬಂದದ್ದು.

ಇನ್ನು ಇದನ್ನು ಮೂತ್ರಪಿಂಡ ಕಾಯಿಲೆಗೆ ಹೊಂದಿಸಿ ನೋಡೋಣ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಸಂಶೋಧಕರು 2011ರಲ್ಲಿ, ಮೂತ್ರಪಿಂಡ ತೀವ್ರವಾಗಿ ಸೋತವರ ರಕ್ತದಲ್ಲಿ ಒಟ್ಟಾರೆ ಮೈಕ್ರೋಆರ್‌ಎನ್‌ಎ ಕಡಿಮೆಯಾಗಿರುತ್ತದೆ ಎಂದು ವರದಿ ಮಾಡಿದರು. ನೆದರ್ಲೆಂಡ್ಸ್‌ನ ಲೈಡನ್ ತಂಡ 2019ರಲ್ಲಿ ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಕೇಳಿತು: ಒಟ್ಟು ಎಷ್ಟಿದೆ ಎಂಬುದನ್ನು ಬಿಟ್ಟು, ಯಾವುದು ಯಾವ ವಾಹನದಲ್ಲಿದೆ ಎಂದು ನೋಡಿದರೆ? ಮಧುಮೇಹದಿಂದ ಮೂತ್ರಪಿಂಡ ಕೆಟ್ಟವರಲ್ಲಿ, ರಕ್ತನಾಳಗಳ ಬೆಳವಣಿಗೆಗೆ ಸಂಬಂಧಪಟ್ಟ ಮೈಕ್ರೋಆರ್‌ಎನ್‌ಎಗಳು ಗುಳ್ಳೆ, ಎಚ್‌ಡಿಎಲ್, ಆರ್ಗೊನಾಟ್ ಈ ಮೂರರ ನಡುವೆ ಹಂಚಿಕೆಯಾಗುವ ರೀತಿಯೇ ಬದಲಾಗಿತ್ತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಗುಂಪು ಅದೇ ವರ್ಷ ಪ್ರಕಟಿಸಿದ ಕೆಲಸದಲ್ಲಿ, ಮೂತ್ರಪಿಂಡಕ್ಕೆ ಹಾನಿಯಾಗಿ ರಕ್ತನಾಳದ ಕೊಬ್ಬುಗಟ್ಟುವಿಕೆ ಹೆಚ್ಚಿದ ಇಲಿಗಳಲ್ಲಿ ಮಿರ್-92ಎ ಮತ್ತು ಮಿರ್-489 ಎರಡನ್ನೂ ಒಟ್ಟಿಗೆ ತಡೆದಾಗ ಆ ಕೊಬ್ಬುಗಟ್ಟುವಿಕೆ ತಗ್ಗಿತು. ಈ ತುಂಡುಗಳನ್ನು ಜೋಡಿಸಿದರೆ ಒಂದು ಸರಪಳಿ ಕಾಣುತ್ತದೆ. ಮೂತ್ರಪಿಂಡ ಸೋತಾಗ ರಕ್ತದ ಮೈಕ್ರೋಆರ್‌ಎನ್‌ಎಗಳ ಪ್ರಮಾಣ ಮತ್ತು ಹಂಚಿಕೆ ಎರಡೂ ಬದಲಾಗುತ್ತವೆ. ಎಚ್‌ಡಿಎಲ್‌ನ ಹೊರೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಉರಿಯನ್ನು ತಣಿಸುವ ಅಣು ಒಳಪದರಕ್ಕೆ ತಲುಪದಿದ್ದರೆ ಅಂಟು ಪ್ರೋಟೀನುಗಳು ತಲೆಯೆತ್ತುತ್ತವೆ. ಸರಪಳಿ ಚೆನ್ನಾಗಿದೆ. ಆದರೆ ಪ್ರತಿ ಕೊಂಡಿಯನ್ನೂ ಜಗ್ಗಿ ನೋಡದೆ ಒಪ್ಪುವುದು ತರವಲ್ಲ, ಅದರಲ್ಲೂ ಈ ಕೊಂಡಿಗಳು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ, ಬೇರೆ ಬೇರೆ ಜೀವಿಗಳಲ್ಲಿ ತಯಾರಾದವು ಎಂದಾಗ.

ಮೊದಲ ಆಕ್ಷೇಪ ಲೆಕ್ಕದ್ದು, ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಲೀಟರ್ ಪ್ಲಾಸ್ಮಾದಲ್ಲಿ ಎಚ್‌ಡಿಎಲ್ ಕಣಗಳು ಸುಮಾರು 30 ಮೈಕ್ರೋಮೋಲ್ ಇರುತ್ತವೆ. ಅಂದರೆ ಸೂಜಿಮೊನೆಯಷ್ಟು, ಒಂದು ಮೈಕ್ರೋಲೀಟರಿನಲ್ಲಿ, ಸುಮಾರು 18 ಲಕ್ಷ ಕೋಟಿ ಕಣಗಳು. ಅಷ್ಟೇ ಪ್ಲಾಸ್ಮಾದಲ್ಲಿ ಒಂದೊಂದು ಬಗೆಯ ಮೈಕ್ರೋಆರ್‌ಎನ್‌ಎ ಎಷ್ಟಿರುತ್ತದೆ? 2008ರಲ್ಲಿ ಮೂರು ಬಗೆಗಳನ್ನು ಅಳೆದಾಗ ಸಿಕ್ಕದ್ದು ಸುಮಾರು 9,000ದಿಂದ 1,34,000 ಪ್ರತಿಗಳು. ಅವೆಲ್ಲವೂ ಎಚ್‌ಡಿಎಲ್ ಮೇಲೆಯೇ ಇವೆ ಎಂದು ಉದಾರವಾಗಿ ಒಪ್ಪಿಕೊಂಡರೂ ಸುಮಾರು 13 ಕೋಟಿ ಕಣಗಳಿಗೆ ಒಂದು ಪ್ರತಿ. ಇನ್ನೊಂದು ಕಡೆಯಿಂದ ಎಣಿಸಿದರೂ ಫಲ ಅದೇ. ವಯಸ್ಕನ ದೇಹದ ಸುಮಾರು ಮೂರು ಲೀಟರ್ ಪ್ಲಾಸ್ಮಾದಲ್ಲಿರುವ ಅಂಥ ಒಂದು ಬಗೆಯ ಎಲ್ಲ ಪ್ರತಿಗಳನ್ನು ರಕ್ತನಾಳಗಳ ಒಳಪದರದ ಅರ್ಧ ಲಕ್ಷ ಕೋಟಿಗೂ ಮಿಕ್ಕ ಕೋಶಗಳಿಗೆ ಸಮನಾಗಿ ಹಂಚಿದರೆ ತಲೆಗೊಂದು ಪ್ರತಿಯೂ ದಕ್ಕದು. ಆದರೆ ಕೋಶದೊಳಗೆ ಮೈಕ್ರೋಆರ್‌ಎನ್‌ಎ ಪರಿಣಾಮ ಬೀರಬೇಕಾದರೆ ನೂರಾರು ಪ್ರತಿಗಳಾದರೂ ಬೇಕು. ಹೀಗಿರುವಾಗ ಇಷ್ಟು ತೆಳುವಾದ ಸರಕು ಉರಿಯೂತದಂಥ ದೊಡ್ಡ ವಿದ್ಯಮಾನವನ್ನು ನಿಯಂತ್ರಿಸುತ್ತದೆ ಎಂದು ನಂಬುವುದು ಹೇಗೆ?

ಈ ಲೆಕ್ಕವನ್ನು ಅಲ್ಲಗಳೆಯಲು ಬಾರದು. ಆದರೆ ಅದರೊಳಗೆ ಒಂದು ಊಹೆ ಅಡಗಿದೆ: ಸರಕು ಇಡೀ ದೇಹಕ್ಕೆ ಸಮನಾಗಿ ಹಂಚಿಕೆಯಾಗುತ್ತದೆ ಎಂಬುದು. ಉರಿಯೂತ ಎಲ್ಲೆಡೆ ಸಮನಾಗಿ ನಡೆಯುವುದಿಲ್ಲ. ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಗುಂಪುಗೂಡಿದ ಜಾಗದಲ್ಲಿ, ಅಂದರೆ ಉರಿ ಎದ್ದ ಜಾಗದಲ್ಲೇ, ಮಿರ್-223 ಹೊರಬೀಳುತ್ತದೆ. ಪಕ್ಕದ ಗೋಡೆಗೂ ಅದಕ್ಕೂ ಅಂತರ ಕೂದಲೆಳೆಗಿಂತ ಕಡಿಮೆ. ಅಲ್ಲಿ ಎಚ್‌ಡಿಎಲ್ ಮಾಡಬೇಕಾದದ್ದು ದೂರದೂರಿಗೆ ಸಾಗಣೆಯಲ್ಲ, ಒಂದು ಕೋಶದಿಂದ ಪಕ್ಕದ ಕೋಶಕ್ಕೆ ದಾಟಿಸುವ ಕೆಲಸ. ಎಚ್‌ಡಿಎಲ್ ಬಂದು ತಾಕಿದಾಗ ಬಿಳಿ ರಕ್ತಕಣಗಳ ವರ್ಗದ ಕೋಶಗಳು ಮಿರ್-223ರ ತಯಾರಿಕೆಯನ್ನೂ ರಫ್ತನ್ನೂ ಹೆಚ್ಚಿಸುತ್ತವೆ ಎಂದು ವಿಕರ್ಸ್ ಅವರ ಗುಂಪು 2019ರಲ್ಲಿ ತೋರಿಸಿರುವುದು ಈ ಚಿತ್ರಕ್ಕೆ ಒಗ್ಗುತ್ತದೆ. ಹಾಗೆ ನೋಡಿದರೆ ತೋಳಿನ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸಿಗುವ ಪ್ರಮಾಣ, ಉರಿಯ ಜಾಗದಲ್ಲಿ ನಡೆದ ವ್ಯವಹಾರದ ಉಳಿಕೆ ಮಾತ್ರ. ಇದು ಆಕ್ಷೇಪವನ್ನು ಸಂಪೂರ್ಣ ನಿವಾರಿಸಿತು ಎನ್ನಲಾರೆ; ವಾದವನ್ನು ಚಿಕ್ಕದು ಮಾಡಿಕೊಂಡು ಉಳಿಸಿಕೊಂಡೆ. ರಕ್ತದಲ್ಲಿ ಹರಿದು ಇಡೀ ದೇಹವನ್ನು ಆಳುವ ಹಾರ್ಮೋನಿನಂಥ ಸ್ಥಾನವನ್ನು ಎಚ್‌ಡಿಎಲ್‌ನ ಮೈಕ್ರೋಆರ್‌ಎನ್‌ಎಗೆ ಕೊಡಲಾಗದು. ನೆರೆಹೊರೆಯ ಮಟ್ಟದ ನಿಯಂತ್ರಕ ಎಂಬ ಸ್ಥಾನ ಮಾತ್ರ ಅದಕ್ಕೆ ನ್ಯಾಯವಾಗಿ ಸಲ್ಲುತ್ತದೆ.

ಎರಡನೆಯ ಆಕ್ಷೇಪ ಅಳತೆಯದು. ಫ್ರಾಂಕ್‌ಫರ್ಟ್‌ನ ತಂಡವೊಂದು 2013ರಲ್ಲಿ ಇದೇ ವಿಷಯವನ್ನು ಪರೀಕ್ಷಿಸಿದಾಗ ರಕ್ತದ ಮೈಕ್ರೋಆರ್‌ಎನ್‌ಎಗಳಲ್ಲಿ ಎಚ್‌ಡಿಎಲ್‌ನ ಪಾಲು ಅಲ್ಪವೆಂದು ಕಂಡಿತು. ಕೋಶಗಳಿಗೆ ಆಗುವ ವರ್ಗಾವಣೆಯೂ ಲೆಕ್ಕಕ್ಕೆ ಸಿಗುವಷ್ಟು ಇರಲಿಲ್ಲ. ಸಿಡ್ನಿಯ ಫಲಿತಾಂಶದೊಂದಿಗೆ ಇದು ನೇರವಾಗಿ ಹೊಂದುವುದಿಲ್ಲ. ಬೇರ್ಪಡಿಸುವ ವಿಧಾನಗಳೂ ಸಂಪೂರ್ಣ ಶುದ್ಧವಲ್ಲ: ಎಕ್ಸೋಸೋಮ್‌ಗಳ ಸಾಂದ್ರತೆ ಎಚ್‌ಡಿಎಲ್‌ನ ಸಾಂದ್ರತೆಯ ವ್ಯಾಪ್ತಿಯೊಳಗೇ ಬರುತ್ತದೆ, ಆರ್ಗೊನಾಟ್‌ನ ಗಾತ್ರ ಎಚ್‌ಡಿಎಲ್‌ಗೆ ಸಮೀಪವಿದೆ. ಸಿಡ್ನಿಯ ಪ್ರಯೋಗದಲ್ಲಿ ಮಿರ್-223 ಇಲ್ಲದ ಇಲಿಯ ಎಚ್‌ಡಿಎಲ್ ಸೋತದ್ದು ಆ ಅಣುವಿನ ಮಹತ್ವವನ್ನು ಸಾಬೀತು ಮಾಡುತ್ತದೆ ಸರಿ. ಆದರೆ ಅದನ್ನು ಹೊತ್ತದ್ದು ಎಚ್‌ಡಿಎಲ್ ಕಣವೇ, ಜೊತೆಗೆ ನುಸುಳಿದ ಆರ್ಗೊನಾಟ್ ಅಲ್ಲ ಎಂದು ಅಷ್ಟರಿಂದಲೇ ಹೇಳಲಾಗದು, ಏಕೆಂದರೆ ಆ ಇಲಿಯಲ್ಲಿ ಎರಡರ ಮೇಲೂ ಮಿರ್-223 ಇಲ್ಲ. ಮೂತ್ರಪಿಂಡ ರೋಗಿಗಳಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಆರ್‌ಎನ್‌ಎ ಅಳೆಯಲು ಬಳಸುವ ಪಿಸಿಆರ್ ಕ್ರಿಯೆಗೆ ಅದೇ ಹೆಪಾರಿನ್ ಅಡ್ಡಿ. ಮಾದರಿಯಲ್ಲಿ ಅದರ ಲೇಶ ಉಳಿದರೂ ಮೈಕ್ರೋಆರ್‌ಎನ್‌ಎ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ರಕ್ತ ತೆಗೆಯುವಾಗ ನಾಲ್ಕು ಕೆಂಪು ಕಣ ಒಡೆದರೆ, ಪ್ಲೇಟ್‌ಲೆಟ್ ಸರಿಯಾಗಿ ಬೇರ್ಪಡದಿದ್ದರೆ, ಅವುಗಳ ಒಳಗಿನ ಸರಕು ಸೋರಿ ಲೆಕ್ಕ ಏರುತ್ತದೆ. ಈ ಕಾರಣಗಳಿಂದ ರೋಗಿಗಳಲ್ಲಿ ಇಂಥದ್ದು ಏರಿತು, ಇಂಥದ್ದು ಇಳಿಯಿತು ಎಂಬ ಬಿಡಿ ಪಟ್ಟಿಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬೆಲೆ ಕೊಡುವುದು ಅಪೋ ಎ-1 ಪ್ರತಿಕಾಯದಿಂದ ಹಿಡಿದ ಕಣಗಳಿಗೆ, ಇಲಿಗೆ ಚುಚ್ಚಿ ವಾಪಸು ತೆಗೆದ ಕಣಗಳಿಗೆ. ಅಲ್ಲಿ ಬೆರಕೆಗೆ ಅವಕಾಶ ಕಡಿಮೆ.

ಮೂರನೆಯ ಆಕ್ಷೇಪ ಮಿತವ್ಯಯದ್ದು. ಸೀರಮ್ ಅಮೈಲಾಯ್ಡ್ ಎ, ಎಸ್‌ಡಿಎಂಎ ಎರಡೇ ಸಾಕಲ್ಲ, ಮೈಕ್ರೋಆರ್‌ಎನ್‌ಎ ಯಾಕೆ ಬೇಕು? ಈ ಎರಡೂ ಒಂದು ಕಠಿಣ ಪರೀಕ್ಷೆಯಲ್ಲಿ ಪಾಸಾಗಿವೆ ಎಂಬುದು ನಿಜ. ಆರೋಗ್ಯವಂತರ ಎಚ್‌ಡಿಎಲ್‌ಗೆ ಅವನ್ನು ಬೆರೆಸಿದರೆ ಸಾಕು, ಒಳ್ಳೆಯ ಕಣ ಕೆಡುತ್ತದೆ. ಮೈಕ್ರೋಆರ್‌ಎನ್‌ಎಯ ಪಾಲಿಗೆ ಇದಕ್ಕೆ ಸಮನಾದ ಪರೀಕ್ಷೆ ತಿರುಗುಮುರುಗಾಗಿರುತ್ತದೆ: ರೋಗಿಯ ಎಚ್‌ಡಿಎಲ್‌ಗೆ ಕಳೆದುಹೋದ ಅಣುವನ್ನು ಮರಳಿಸಿ, ಕೆಟ್ಟ ಕಣ ಸುಧಾರಿಸುತ್ತದೆಯೇ ಎಂದು ನೋಡುವುದು. ಪ್ರೋಟೀನಿನ ವಾದಕ್ಕೆ ಮೇಲುಗೈ ಇರುವುದನ್ನು ಒಪ್ಪೋಣ. ಆದರೆ ಮೇಲುಗೈ ಬೇರೆ, ಏಕಸ್ವಾಮ್ಯ ಬೇರೆ. ಎಚ್‌ಡಿಎಲ್ ಮೇಲಿನ ವಿಷ ಕೋಶದ ಹೊರಗಿನ ಗ್ರಾಹಕವನ್ನು ಕೆರಳಿಸುತ್ತದೆ. ಮೈಕ್ರೋಆರ್‌ಎನ್‌ಎ ಕೋಶದ ಒಳಗೆ ಹೊಕ್ಕು ನಿರ್ದಿಷ್ಟ ಆದೇಶವನ್ನು ತಡೆಯುತ್ತದೆ. ಒಂದು ಕೆಡುಕು ಸೇರಿದ್ದನ್ನು ವಿವರಿಸಿದರೆ ಇನ್ನೊಂದು ಒಳಿತು ಕಳೆದದ್ದನ್ನು ವಿವರಿಸುತ್ತದೆ. ಇವೆರಡೂ ಒಂದೇ ಕಣದಲ್ಲಿ ಏಕಕಾಲಕ್ಕೆ ನಡೆಯಲು ಅಡ್ಡಿಯಿಲ್ಲ. ಇನ್ನೂ ಒಂದು ಸಂಗತಿ ಇಲ್ಲಿ ನೆರವಿಗೆ ಬರುತ್ತದೆ. ಕೋಶದಿಂದ ಕೊಲೆಸ್ಟರಾಲು ಹೀರುವ ಶಕ್ತಿ ಹೆಚ್ಚಿದ್ದವರಿಗೆ ಹೃದಯದ ಅಪಾಯ ಕಡಿಮೆ ಎಂದು ಸಾಮಾನ್ಯ ಜನರ ಮೇಲಿನ ಅಧ್ಯಯನಗಳು ಹೇಳುತ್ತವೆ. ಡಯಾಲಿಸಿಸ್ ರೋಗಿಗಳಲ್ಲಿ ಮಾತ್ರ ಆ ಶಕ್ತಿಯೂ ಅಪಾಯವನ್ನು ಮುನ್ಸೂಚಿಸಲಿಲ್ಲ ಎಂದು 2017ರಲ್ಲಿ ತಿಳಿಯಿತು. ಕೊಲೆಸ್ಟರಾಲು ಸಾಗಿಸುವ ಕೆಲಸದಲ್ಲಿ ಉತ್ತರ ಸಿಗದಿದ್ದರೆ ಎಚ್‌ಡಿಎಲ್‌ನ ಉಳಿದ ಕೆಲಸಗಳಲ್ಲಿ, ಮುಖ್ಯವಾಗಿ ಉರಿಶಮನದಲ್ಲಿ, ಹುಡುಕಬೇಕಾಗುತ್ತದೆ.

ನಾಲ್ಕನೆಯದು ಕಾರಣವೋ ಪರಿಣಾಮವೋ ಎಂಬ ಹಳೆಯ ಪ್ರಶ್ನೆ. ಉರಿಯೂತ ಇದ್ದುದರಿಂದ ಸರಕು ಬದಲಾಯಿತೇ, ಸರಕು ಬದಲಾದ್ದರಿಂದ ಉರಿಯೂತ ಬಂತೇ? ಮೂತ್ರಪಿಂಡ ಕಾಯಿಲೆಯಲ್ಲಿ ಎರಡನ್ನೂ ಬಿಡಿಸುವುದು ಕಷ್ಟ, ಏಕೆಂದರೆ ಉರಿ ಎದ್ದಾಗ ಯಕೃತ್ತು ಸೀರಮ್ ಅಮೈಲಾಯ್ಡ್ ಎ ಹೆಚ್ಚಿಸುತ್ತದೆ, ಅದು ಎಚ್‌ಡಿಎಲ್‌ಗೆ ಅಂಟಿಕೊಳ್ಳುತ್ತದೆ, ಎಚ್‌ಡಿಎಲ್ ಉರಿಯನ್ನು ತಡೆಯಲಾರದೆ ಹೋಗುತ್ತದೆ. ಇದು ಸುತ್ತಿಕೊಂಡು ಬರುವ ಚಕ್ರ. ಮೈಕ್ರೋಆರ್‌ಎನ್‌ಎ ಕೂಡ ಅದರ ಒಂದು ಅರೆ. ಚಕ್ರಕ್ಕೆ ಆರಂಭ ಹುಡುಕುವುದಕ್ಕಿಂತ ಅದನ್ನು ಎಲ್ಲಿ ಮುರಿಯಬಹುದು ಎಂದು ಕೇಳುವುದು ಉಪಯುಕ್ತ. ಪ್ರಯೋಗಾಲಯದಲ್ಲಿ ಹೊಳೆದದ್ದೆಲ್ಲ ಆಸ್ಪತ್ರೆಯಲ್ಲಿ ಫಲಿಸುವುದಿಲ್ಲ ಎಂಬ ಎಚ್ಚರಿಕೆ ಇಲ್ಲಿ ಅಗತ್ಯ. ಐಕ್ಯಾಮ್-1 ಇಲ್ಲದ ಇಲಿ ಬಚಾವಾಯಿತೆಂದು, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಐಕ್ಯಾಮ್-1 ತಡೆಯುವ ಪ್ರತಿಕಾಯ ಕೊಟ್ಟು ನೋಡಿದರು. 1999ರಲ್ಲಿ ಬಂದ ಫಲಿತಾಂಶ ನಿರಾಶೆಯದು. ಮೂತ್ರಪಿಂಡದಲ್ಲಿ ನಾರುಗಟ್ಟುವಿಕೆಗೆ ಕಾರಣವಾಗುವ ಮಿರ್-21 ತಡೆಯುವ ಲ್ಯಾಡೆಮಿರ್ಸೆನ್ ಎಂಬ ಔಷಧ ಇಲಿಗಳಲ್ಲಿ ಭರವಸೆ ಹುಟ್ಟಿಸಿತ್ತು. ಆಲ್‌ಪೋರ್ಟ್ ಸಿಂಡ್ರೋಮ್ ರೋಗಿಗಳ ಮೇಲಿನ ಪ್ರಯೋಗ ಫಲ ಕಾಣದೆ 2022ರಲ್ಲಿ ನಿಂತಿತು. ಅಪೋ ಎ-1 ಅನ್ನೇ ನೇರವಾಗಿ ರಕ್ತಕ್ಕೆ ಹರಿಸುವ, ಹದಿನೆಂಟು ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳಿದ್ದ ಏಜಿಸ್-2 ಪ್ರಯೋಗ 2024ರಲ್ಲಿ ತನ್ನ ಮುಖ್ಯ ಗುರಿ ಮುಟ್ಟಲಿಲ್ಲ. ಈ ಕೊನೆಯ ಸೋಲು ನನ್ನ ವಾದಕ್ಕೂ ತಾಗುತ್ತದೆ: ಹೊಸ, ಶುದ್ಧ ಕಣ ಕೊಟ್ಟರೆ ಸಾಲದು ಎಂದಾಯಿತು. ಉರಿಯುತ್ತಿರುವ ದೇಹಕ್ಕೆ ಸುರಿದ ಕಣ ಅಲ್ಲಿನ ಸರಕನ್ನೇ ಎತ್ತಿಕೊಳ್ಳುತ್ತದೆ ಎಂಬುದನ್ನು ಇಲಿಯ ಪ್ರಯೋಗ ಮೊದಲೇ ಹೇಳಿತ್ತಲ್ಲವೇ?

ಹಾಗಾದರೆ ಚಕ್ರವನ್ನು ಮುರಿಯುವ ಜಾಗ ಎಚ್‌ಡಿಎಲ್‌ಗಿಂತ ಮೇಲಿದೆ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಉರಿಯನ್ನೇ ತಗ್ಗಿಸಿದರೆ ಸರಕು ತಾನಾಗಿ ಸುಧಾರಿಸಬೇಕು. ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂಕೇತವನ್ನು ತಡೆಯುವ ಜಿಲ್ಟಿವೆಕಿಮ್ಯಾಬ್ ಅನ್ನು 264 ಮೂತ್ರಪಿಂಡ ರೋಗಿಗಳಿಗೆ ಕೊಟ್ಟು ನೋಡಿದ 2021ರ ಪ್ರಯೋಗದಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ, ಅತಿ ಹೆಚ್ಚು ಡೋಸ್ ಪಡೆದವರಲ್ಲಿ ಶೇ 92ರಷ್ಟು ಇಳಿಯಿತು. ಇಂಥ ಪ್ರಯೋಗಗಳಲ್ಲಿ ಸಿಆರ್‌ಪಿ ಜೊತೆಗೆ ರೋಗಿಗಳ ಎಚ್‌ಡಿಎಲ್ ಅನ್ನೂ ಬಿಡಿಸಿ, ಔಷಧದ ಮೊದಲು ಮತ್ತು ನಂತರ ಅದರ ಪ್ರೋಟೀನು ಹಾಗೂ ಮೈಕ್ರೋಆರ್‌ಎನ್‌ಎ ಪಟ್ಟಿ ಮಾಡಿ, ಅದೇ ಎಚ್‌ಡಿಎಲ್ ಒಳಪದರದ ಕೋಶಗಳ ಐಕ್ಯಾಮ್-1 ಅನ್ನು ಎಷ್ಟು ಇಳಿಸುತ್ತದೆ ಎಂದು ಅಳೆದರೆ, ಈ ಅಧ್ಯಾಯದ ಮೂರನೆಯ ಮಾತು ನಿಲ್ಲುತ್ತದೋ ಬೀಳುತ್ತದೋ ತೀರ್ಮಾನವಾಗುತ್ತದೆ. ಉರಿ ಇಳಿದ ಮೇಲೂ ಮಿರ್-223 ಮರಳದಿದ್ದರೆ, ಅಥವಾ ಮರಳದೆಯೇ ಐಕ್ಯಾಮ್-1 ಇಳಿದರೆ, ಎಚ್‌ಡಿಎಲ್‌ನ ಮೈಕ್ರೋಆರ್‌ಎನ್‌ಎ ಬರೀ ಸಾಕ್ಷಿದಾರ, ಪಾತ್ರಧಾರಿ ಅಲ್ಲ ಎಂದು ಒಪ್ಪಬೇಕಾಗುತ್ತದೆ. ವಾದವೊಂದು ಸೋಲಬಹುದಾದ ದಾರಿಯನ್ನು ಮೊದಲೇ ಹೇಳಿಟ್ಟಾಗಲೇ ಅದಕ್ಕೆ ವಿಜ್ಞಾನದಲ್ಲಿ ಬೆಲೆ.

ಅಲ್ಲಿಯವರೆಗೆ ರೋಗಿಯ ಕೈಯಲ್ಲಿರುವ ವರದಿಯನ್ನು ಹೇಗೆ ಓದಬೇಕು? ಮೂತ್ರಪಿಂಡ ಕಾಯಿಲೆ ಇದ್ದವರು ಎಚ್‌ಡಿಎಲ್ 55 ಇದೆ ಎಂದು ನಿಶ್ಚಿಂತರಾಗಬಾರದು, 35 ಇದೆ ಎಂದು ಅದನ್ನೇರಿಸುವ ಪುಡಿ, ಗುಳಿಗೆಗಳಿಗೆ ದುಡ್ಡು ಸುರಿಯಲೂ ಬಾರದು. ಡಯಾಲಿಸಿಸ್ ಹಂತಕ್ಕೆ ಬರುವ ಮೊದಲೇ ಎಲ್‌ಡಿಎಲ್ ಇಳಿಸುವುದರಿಂದ ಲಾಭವುಂಟೆಂದು 9,000ಕ್ಕೂ ಹೆಚ್ಚು ಮೂತ್ರಪಿಂಡ ರೋಗಿಗಳಿದ್ದ ಶಾರ್ಪ್ ಪ್ರಯೋಗ 2011ರಲ್ಲಿ ಸೂಚಿಸಿದೆ. ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಮೂತ್ರದಲ್ಲಿ ಪ್ರೋಟೀನು ಸೋರುವುದನ್ನು ತಡೆಯುವ ಔಷಧಗಳು, 2020ರ ನಂತರ ಬಳಕೆ ಹೆಚ್ಚಿದ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಮೂತ್ರಪಿಂಡವನ್ನು ಉಳಿಸುತ್ತವೆ. ಮೂತ್ರಪಿಂಡ ಉಳಿದಷ್ಟೂ ರಕ್ತದಲ್ಲಿ ತ್ಯಾಜ್ಯ ಕಡಿಮೆ, ಎಚ್‌ಡಿಎಲ್‌ಗೆ ಅಂಟುವ ಕೆಡುಕೂ ಕಡಿಮೆ. ಎಚ್‌ಡಿಎಲ್‌ನ ಸರಕನ್ನು ಸುಧಾರಿಸಲು ಈಗ ಲಭ್ಯವಿರುವ, ಆಧಾರವಿರುವ ದಾರಿ ಮೂತ್ರಪಿಂಡವನ್ನು ಕಾಪಾಡುವುದೇ. ಮೈಕ್ರೋಆರ್‌ಎನ್‌ಎಯ ಸಂಶೋಧನೆ ನಮಗೆ ಹೊಸ ಮಾತ್ರೆಯನ್ನು ಇನ್ನೂ ಕೊಟ್ಟಿಲ್ಲ. ಕೊಟ್ಟಿರುವುದು ಪ್ರಶ್ನೆ ಕೇಳುವ ಸರಿಯಾದ ಕ್ರಮವನ್ನು: ಎಷ್ಟಿದೆ ಎಂದು ಕೇಳುವ ಮೊದಲು ಏನು ಹೊತ್ತಿದೆ, ಯಾರಿಗೆ ಇಳಿಸುತ್ತಿದೆ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವ ಪರೀಕ್ಷೆ ಊರಿನ ಲ್ಯಾಬಿಗೆ ಬರುವ ತನಕ, ‘ಒಳ್ಳೆಯದು’ ಎಂಬ ಪಟ್ಟವನ್ನು ಎಚ್‌ಡಿಎಲ್‌ಗೆ ಷರತ್ತಿನ ಮೇಲಷ್ಟೇ ಕೊಡಬಹುದು.